ಟ್ರಂಕಿಗೆ ರಾಗಿ ತುಂಬುವ ಮೊದಲು

ಹೋದ ಭಾನುವಾರ ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಮೂವರು ಮನೆಗೆ ಬಂದಿದ್ದರು. ಉಪ್ಪಿಟ್ಟು ತಿಂದು ಕಾಫಿ ಕುಡಿದಾದ ಮೇಲೆ ಅವರಲ್ಲೊಬ್ಬಳು ಹುಡುಗಿ, "ಸಾರ್, ಕಾಲೇಜಿಗೆ ಸೇರಿದ ಹಳ್ಳಿ ಮಕ್ಕಳು ಓದ್ತಾ ಇದ್ದಾರೋ ಬಿಟ್ಟುಬಿಟ್ರೋ ಅಂತ ನಿಮ್ಮ ಕಾಲದಲ್ಲಿ ಹೇಗೆ ಪತ್ತೆ ಮಾಡ್ತಿದ್ರಿ? ಫೋನೂ ಇರಲಿಲ್ಲವಲ್ಲ" ಅಂದಳು. "ಸೈಕಲ್ ಇತ್ತಲ್ಲಮ್ಮ" ಅಂದೆ. ಮೂವರೂ ನಕ್ಕರು. ನನಗೆ ಸಿಟ್ಟು ಬಂತು. ನಾನೇನೂ ತಮಾಷೆ ಮಾಡಿರಲಿಲ್ಲ.

ಅವರು ಹೋದ ಮೇಲೆ ಮನೆಯವಳು, "ಪಾಪ, ಮಕ್ಕಳ ಮೇಲೆ ಯಾಕೆ ಸಿಡುಕಿದಿರಿ? ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಹೇಳಬಾರದಿತ್ತೇ" ಅಂದಳು. ನೆಟ್ಟಗೆ ಹೇಳಬೇಕಾದರೆ ಕಾಫಿ ಕುಡಿಯುವಷ್ಟು ಹೊತ್ತು ಸಾಲದು. ಅದಕ್ಕೇ ಬರೆಯಲು ಕೂತಿದ್ದೇನೆ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು, ಇದನ್ನೆಲ್ಲ ಬರೆಯುವುದಿಲ್ಲ. ಆ ಶಾಲನ್ನು ನುಸಿ ತಿಂದು ಎಷ್ಟೋ ಕಾಲವಾಯಿತು.

ಐವತ್ತರ ದಶಕದ ಮಾತು. ಹಳ್ಳಿಗಾಡಿನಿಂದ ಮೈಸೂರಿಗೆ ಕಾಲೇಜು ಓದಲು ಬರುವ ಮಕ್ಕಳಿಗೆ ಹಾಸ್ಟೆಲ್ಲಿನಲ್ಲಿ ಜಾಗ ಕೊಟ್ಟು ಊಟದ ಖರ್ಚು ನೋಡಿಕೊಳ್ಳುತ್ತಿದ್ದ ಒಂದು ನಿಧಿಯ ಕಚೇರಿಯಲ್ಲಿ ನಾನು ಗುಮಾಸ್ತನಾಗಿ ಸೇರಿದೆ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ತಾಲ್ಲೂಕು ನನ್ನ ಪಾಲಿಗೆ ಬಂದವು. ಹೊಸದಾಗಿ ಸೇರಿದವರು ಯಾವ ವಿಷಯ ತೆಗೆದುಕೊಂಡರು, ವರ್ಷವರ್ಷವೂ ಓದು ಮುಂದುವರಿಸಿದರೋ ಇಲ್ಲವೋ, ಕೊನೆಗೆ ಡಿಗ್ರಿ ಮುಗಿಸಿದರೋ, ಇಷ್ಟನ್ನು ವಿಚಾರಿಸಿ ಬರೆಯುವುದು ನನ್ನ ಕೆಲಸ. ಒಬ್ಬರು ಬಿಟ್ಟರೆ ಆ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ. ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದದ ಹೆಸರೊಂದಿತ್ತು. ಹಳ್ಳಿಗಳಲ್ಲಿ ಮಾತ್ರ ನನ್ನನ್ನು "ಕೇಳೋ ಮೇಷ್ಟ್ರು" ಅನ್ನುತ್ತಿದ್ದರು. ಪಾಠ ಹೇಳದೆ ಬರೀ ಪ್ರಶ್ನೆ ಕೇಳಿಕೊಂಡು ಹೋಗುವ ಮೇಷ್ಟ್ರು ಅಂತ. ಸರಿಯಾದ ಹೆಸರೇ ಬಿಡಿ.

ನನ್ನ ಮೇಲಿನವರು ಸೂಪರಿಂಟೆಂಡೆಂಟ್ ರಂಗರಾಯರು. ಮುಚ್ಚು ಕೋಟು, ಜರಿಯಂಚಿನ ರುಮಾಲು, ಮೂಗಿನ ತುದಿಯಲ್ಲಿ ಕನ್ನಡಕ. ಅವರು ನಕ್ಕದ್ದನ್ನು ನೋಡಿದವರು ಕಚೇರಿಯಲ್ಲಿ ಯಾರೂ ಇರಲಿಲ್ಲ. ಅವರ ಲೆಕ್ಕದಲ್ಲಿ ವಿದ್ಯಾರ್ಥಿಗಳಲ್ಲಿ ಮೂರೇ ಜಾತಿ. ಓದುತ್ತಿರುವವರು, ಮುಗಿಸಿದವರು, ಬಿಟ್ಟವರು. "ನಾಲ್ಕನೆಯದು ಇಲ್ಲ ಕಣ್ರೀ ಶ್ರೀಕಂಠಯ್ಯ. ಅನುಮಾನ ಬಂದರೆ ಬಿಟ್ಟವರು ಅಂತ ಬರೀರಿ. ಹಿಂದೆ ಇನ್ನೊಬ್ಬ ಬಡವ ಕಾಯ್ತಾ ಇರ್ತಾನೆ" ಅನ್ನುತ್ತಿದ್ದರು. ಮಾತು ಸುಳ್ಳಲ್ಲ. ಅದಕ್ಕೇ ಅವರ ಎದುರು ವಾದ ಮಾಡುವುದು ಕಷ್ಟವಾಗುತ್ತಿತ್ತು.

ಮೊದಲ ವರ್ಷ ನಾನು ಹಳ್ಳಿಗಳ ಕಡೆ ತಲೆ ಹಾಕಲಿಲ್ಲ. ಬಿಸಿಲಲ್ಲಿ ಅಲೆಯುವುದೇಕೆ, ಬುದ್ಧಿ ಉಪಯೋಗಿಸೋಣ ಅಂತ ಒಂದು ಉಪಾಯ ಮಾಡಿದೆ. ಆಗ ಜವಾಬು ಕಾರ್ಡು ಅಂತ ಸಿಗುತ್ತಿತ್ತು. ಎರಡು ಕಾರ್ಡು ಅಂಟಿಕೊಂಡಿರುತ್ತವೆ, ಒಂದರಲ್ಲಿ ನಾವು ಕೇಳುವುದು, ಇನ್ನೊಂದರಲ್ಲಿ ಅವರು ಬರೆದು ಹಾಕುವುದು. ಎಲ್ಲ ತಂದೆಯರ ಹೆಸರಿಗೂ ದುಂಡಗಿನ ಅಕ್ಷರದಲ್ಲಿ ಬರೆದು ಡಬ್ಬಿಗೆ ಹಾಕಿ ಬಂದೆ. ರಂಗರಾಯರೂ "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದೇ ದೊಡ್ಡ ಬಿರುದು.

ಜವಾಬು ಬರಲೇ ಇಲ್ಲ. ಅಲ್ಲೊಂದು ಇಲ್ಲೊಂದು ಬಂದಿರಬೇಕು, ಅಷ್ಟೇ. ಎರಡು ತಾಲ್ಲೂಕಿನ ಹುಡುಗರೆಲ್ಲ ಒಟ್ಟಿಗೆ ಕಾಲೇಜು ಬಿಟ್ಟರೇನೋ ಅಂತ ನಾನು ತಲೆ ಕೆಡಿಸಿಕೊಂಡು ಕೂತಿದ್ದಾಗ, ಒಂದು ದಿನ ಉಡಿಗಾಲದ ಸಿದ್ದಯ್ಯ ಅನ್ನುವವನು ಬಂದು ಬಾಗಿಲಲ್ಲಿ ನಿಂತ. ಕೂಲಿ ಮಾಡಿ ಮಗನನ್ನು ಓದಿಸುತ್ತಿದ್ದ ಮನುಷ್ಯ. ಹೆಗಲ ಮೇಲೆ ಟವಲು, ಮೈಯೆಲ್ಲ ಧೂಳು, ಕಣ್ಣು ಕೆಂಡದಷ್ಟು ಕೆಂಪು.

"ಕಾರ್ಡ್ ಆಕುದ್ದು ನೀವಾ ಬುದ್ಧಿ?"

ಹೌದು ಅಂದೆ. ಅವನು ಅಲ್ಲೇ ಕುಸಿದು ಕೂತ.

ನಮ್ಮ ಕಡೆ ಹಳ್ಳಿಗಳಿಗೆ ಆಗ ಕಾರ್ಡು ಬರುತ್ತಿದ್ದದ್ದು ಒಂದೇ ಕಾರಣಕ್ಕೆ, ಯಾರಾದರೂ ಸತ್ತಾಗ. ಓದಿಸಿಕೊಂಡ ತಕ್ಷಣ ಅದನ್ನು ಹರಿದು ಹಾಕಬೇಕು. ಸಾವಿನ ಕಾಗದ ಮನೆಯೊಳಗೆ ಇರಬಾರದು. ಮೈಸೂರಿನಿಂದ ಕಾರ್ಡು ಬಂತು ಅನ್ನುತ್ತಲೇ ಸಿದ್ದಯ್ಯನ ಹೆಂಡತಿ ಎದೆ ಬಡಿದುಕೊಂಡು ಅತ್ತಿದ್ದಾಳೆ. ಓದಿಸುವುದಕ್ಕೂ ಕಾಯದೆ ನೆರೆಯವರು ಯಾರೋ ಹರಿದು ಚೂರು ಮಾಡಿದ್ದಾರೆ. ಇವನು ಉಟ್ಟ ಬಟ್ಟೆಯಲ್ಲೇ ರೈಲು ಹತ್ತಿದ್ದಾನೆ. ಇನ್ನುಳಿದ ಊರುಗಳಲ್ಲೂ ನನ್ನ ದುಂಡಗಿನ ಅಕ್ಷರಗಳ ಗತಿ ಅದೇ ಆಗಿತ್ತು ಅಂತ ಆಮೇಲೆ ತಿಳಿಯಿತು.

"ಹುಡುಗ ಸಿಕ್ಕಿದನೇನಪ್ಪ?" ಅಂದೆ.

"ಸಿಕ್ದ ಬುದ್ಧಿ. ಆಸ್ಟ್ಲಲ್ಲಿ ಉಣ್ತಾ ಕುಂತಿದ್ದ. ನನ್ನ ಕಂಡು ಎದ್ದ. ಏಳ್ಬ್ಯಾಡ ಕಣ್ಲಾ ಮಗ, ಉಣ್ಣು, ನಾ ನೋಡ್ತಿನಿ ಅಂದೆ. ಅವ್ನು ಉಂಡ. ನಾ ನೋಡ್ಬುಟ್ಟೆ. ಅಷ್ಟು ಸಾಕು." ಟವಲಿನಲ್ಲಿ ಮುಖ ಒರೆಸಿಕೊಂಡ. "ಕಾರ್ಡ್ ಆಕಾದು ಇಲ್ಲಿಂದ್ಲೇ ಅಂತ ಆಸ್ಟ್ಲೋರು ಅಂದ್ರು. ಇನ್ಮ್ಯಾಕೆ ಕಾರ್ಡ್ ಆಕ್ಬ್ಯಾಡಿ ಬುದ್ಧಿ. ಏನಾರಾ ಕೇಳಾದಿದ್ರೆ ನೀವೇ ಬನ್ನಿ."

ಒಂದು ಬೈಗುಳವನ್ನಾದರೂ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ರಂಗರಾಯರು ಜವಾನನನ್ನು ಕರೆದು ಅವನಿಗೆ ಕಾಫಿ ತರಿಸಿಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಸೈಕಲ್ ತುಳಿಯೋಕೆ ಬರುತ್ತೇನ್ರೀ?" ಅಂದರು. ನನ್ನ ನಿಜವಾದ ನೌಕರಿ ಶುರುವಾದದ್ದು ಆ ದಿನ.

ಮೈಸೂರಿನಿಂದ ಸೈಕಲನ್ನು ರೈಲಿಗೆ ಹಾಕಿ ಚಾಮರಾಜನಗರದಲ್ಲಿ ಇಳಿಸಿಕೊಳ್ಳುವುದು, ಅಲ್ಲಿಂದ ಊರೂರು ತುಳಿಯುವುದು. ಹೋದಲ್ಲೆಲ್ಲ ಮುದ್ದೆ, ಉಪ್ಪೆಸರು, ಮಜ್ಜಿಗೆ. ಬೇಡ ಅಂದರೆ "ಯಾಕೆ, ನಮ್ಮಟ್ಟಿ ಇಟ್ಟು ಮೈಸೂರ್ನೋರ್ಗೆ ಗಂಟಲಲ್ಲಿ ಇಳಿಯಕಿಲ್ವಾ?" ಅಂತ ಕಿಚಾಯಿಸುತ್ತಿದ್ದರು. ನಂಜನಗೂಡಿನವನು ನಾನು, ನನ್ನ ಗಂಟಲಲ್ಲಿ ಇಳಿಯದ ಮುದ್ದೆ ಯಾವುದಿದೆ!

ಹೊಟ್ಟೆ ತುಂಬುತ್ತಿತ್ತು, ಕೆಲಸ ಮಾತ್ರ ಆಗುತ್ತಿರಲಿಲ್ಲ. ಯಾವ ಮನೆಯಲ್ಲಿ ಕೇಳಿದರೂ ಉತ್ತರ ಒಂದೇ. "ರಜದಲ್ಲಿ ಅವ್ನೆ." ಆಷಾಢದಲ್ಲಿ ಕೇಳಿದರೂ ರಜ, ಕಾರ್ತಿಕದಲ್ಲಿ ಕೇಳಿದರೂ ರಜ. ಕುಂಟೆ ಹೊಡೆಯುತ್ತಿರುವವನೂ ರಜದಲ್ಲಿ, ಮದುವೆಯಾಗಿ ಸೊಸೆ ಮನೆ ತುಂಬಿದವನೂ ರಜದಲ್ಲಿ. "ಬಿಟ್ಟ" ಅನ್ನುವ ಮಾತನ್ನು ಯಾವ ತಾಯಿಯೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಮೊದಮೊದಲು ನನಗೆ ರೇಗುತ್ತಿತ್ತು. ಸುಳ್ಳು ಹೇಳುತ್ತಾರೆ ಅಂದುಕೊಂಡಿದ್ದೆ. ಅದು ಸುಳ್ಳಲ್ಲ, ಆಸೆ ಅಂತ ತಿಳಿಯಲು ಎರಡು ವರ್ಷ ಬೇಕಾಯಿತು.

ಹಾಗಾದರೆ ನಿಜವಾಗಿ ಬಿಟ್ಟವನು ಯಾರು ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ? ಟ್ರಂಕು ನೋಡಿ. ಆಗ ಕಾಲೇಜಿಗೆ ಹೊರಟ ಪ್ರತಿಯೊಬ್ಬರಿಗೂ ಒಂದು ತಗಡಿನ ಟ್ರಂಕು ಕೊಡಿಸುತ್ತಿದ್ದರು. ಹಸಿರು ಬಣ್ಣ, ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಹೆಸರು, ಊರು. ಹುಡುಗ ಮರಳಿ ಹೋಗುವವನಾದರೆ ಟ್ರಂಕು ಖಾಲಿಯಾಗಿ ಗೋಡೆ ಪಕ್ಕದಲ್ಲಿ ಇರುತ್ತದೆ, ಮೇಲೊಂದು ಬಟ್ಟೆ ಹೊದಿಸಿರುತ್ತಾರೆ. ಇಲಿ ಮುಟ್ಟದ, ಗಟ್ಟಿ ಮುಚ್ಚಳದ ಪೆಟ್ಟಿಗೆ ಹಳ್ಳಿ ಮನೆಯಲ್ಲಿ ಇನ್ನೊಂದು ಇರುವುದಿಲ್ಲ. ಆದ್ದರಿಂದ ಹುಡುಗ ಇನ್ನು ಹೋಗುವುದಿಲ್ಲ ಅಂತ ಮನೆಯವರ ಮನಸ್ಸಿಗೆ ಖಾತ್ರಿಯಾದ ದಿನ ಅದಕ್ಕೆ ರಾಗಿ ತುಂಬುತ್ತಾರೆ. ಬಾಯಿ ರಜ ಅನ್ನುತ್ತಿದ್ದರೂ ಕೈ ರಾಗಿ ಸುರಿದಿರುತ್ತದೆ. ಇದು ತಿಳಿದಂದಿನಿಂದ ನಾನು ಹೋದ ಮನೆಯಲ್ಲಿ ಟ್ರಂಕಿನ ಮೇಲೆ ಕೂರುವ ಅಭ್ಯಾಸ ಮಾಡಿಕೊಂಡೆ. ಬೆರಳಲ್ಲಿ ಸುಮ್ಮನೆ ತಟ್ಟಿದರೆ ಸಾಕು, ತುಂಬಿದೆಯೋ ಖಾಲಿಯೋ ತಿಳಿಯುತ್ತಿತ್ತು.

ಇನ್ನು ವಿಷಯ ಆರಿಸಿಕೊಳ್ಳುವ ಸಂಗತಿ. ಗುಂಡ್ಲುಪೇಟೆ ಕಡೆಯಿಂದ ಬಂದ ಹುಡುಗರು ಸಾಲಾಗಿ ತರ್ಕಶಾಸ್ತ್ರ ತೆಗೆದುಕೊಳ್ಳುತ್ತಿದ್ದರು. ಒಬ್ಬನಲ್ಲ ಇಬ್ಬರಲ್ಲ, ಬಂದವರೆಲ್ಲ. ನಾನು ಇದರ ಮೇಲೆ ಒಂದು ಉದ್ದನೆಯ ಟಿಪ್ಪಣಿ ಬರೆದೆ. ಗುಂಡ್ಲುಪೇಟೆ ಮೂರು ಸೀಮೆ ಕೂಡುವ ಜಾಗ, ಕನ್ನಡ ತಮಿಳು ಮಲಯಾಳ ಮೂರೂ ಕಿವಿಗೆ ಬೀಳುತ್ತವೆ, ಸಂತೆಯಲ್ಲಿ ಚೌಕಾಸಿ ಮಾಡಿ ಮಾಡಿ ಅಲ್ಲಿನವರಿಗೆ ವಾದದಲ್ಲಿ ಒಲವು ಹೆಚ್ಚು ಅಂತ. ರಂಗರಾಯರು ಓದಿ, "ಚೆನ್ನಾಗಿದೆ" ಅಂದು ನಿಧಿಯ ಕಮಿಟಿಗೂ ಕಳಿಸಿದರು. ಮುಂದಿನ ವರ್ಷ ಅಲ್ಲಿಯ ಹುಡುಗನೊಬ್ಬನನ್ನು, "ಯಾಕಪ್ಪ, ತರ್ಕ ಅಂದರೆ ನಿಮಗೆಲ್ಲ ಅಷ್ಟು ಇಷ್ಟವಾ?" ಅಂತ ಕೇಳಿದೆ.

"ಇಷ್ಟ ಏನ್ ಬಂತು ಸಾರ್. ನಮ್ಮ ಕಡೆಯಿಂದ ಮೊದ್ಲು ಓದಾಕೆ ಬಂದ ಅಣ್ಣ ಲಾಜಿಕ್ ತಕ್ಕಂಡಿದ್ರು. ಆ ಪುಸ್ತಕ ನಮ್ ನಮ್ಮಲ್ಲೇ ಕೈ ಬದ್ಲಾಗ್ತಾ ಬಂದದೆ. ಬ್ಯಾರೆ ವಿಷಯ ತಕ್ಕಂಡ್ರೆ ಪುಸ್ತಕ ಯಾರು ಕೊಟ್ಟಾರು?"

ಒಂದು ಹರಕು ಪುಸ್ತಕ, ಇಡೀ ತಾಲ್ಲೂಕಿನ ಆಯ್ಕೆ! ನನ್ನ ಮೂರು ಸೀಮೆ, ಮೂರು ಭಾಷೆ ಎಲ್ಲ ಗಾಳಿಗೆ ಹೋಯಿತು. ಅದಕ್ಕೇ ಹೇಳುವುದು, ಟಿಪ್ಪಣಿ ಬರೆಯುವ ಮೊದಲು ಹುಡುಗನನ್ನು ಕೇಳಿ ಅಂತ. ಕಚೇರಿಯಲ್ಲಿ ಕೂತು ಕಾರಣ ಹುಡುಕಿದರೆ ಬಹಳ ಚೆಂದದ ಕಾರಣಗಳು ಸಿಗುತ್ತವೆ, ಯಾವುದೂ ನಿಜವಾಗಿರುವುದಿಲ್ಲ.

ಬಂಡೀಪುರದ ಫಾರೆಸ್ಟ್ ಗಾರ್ಡ್ ಒಬ್ಬರ ಮಗ ಸಸ್ಯಶಾಸ್ತ್ರ ತೆಗೆದುಕೊಂಡ. ಎಲೆ ಕಿವುಚಿ ಮೂಸಿ ನೋಡಿ ಮರ ಯಾವುದು ಅಂತ ಹೇಳುತ್ತಿದ್ದ ಹುಡುಗ. ಪುಸ್ತಕದೊಳಗಿನ ಉದ್ದುದ್ದ ಹೆಸರುಗಳು ಮಾತ್ರ ಅವನ ತಲೆಗೆ ಹತ್ತಲಿಲ್ಲ. ಎರಡು ಸಲ ಫೇಲಾಗಿ ಅಪ್ಪನ ಇಲಾಖೆಗೇ ಸೇರಿದ. ಅವನ ಹೆಸರಿನ ಮುಂದೆ "ಬಿಟ್ಟವರು" ಅಂತ ಬರೆಯುವಾಗ ಕೈ ಹಿಂಜರಿಯಿತು. ಅವನು ಬಿಟ್ಟದ್ದು ಕಾಲೇಜನ್ನು, ಮರಗಳನ್ನಲ್ಲವಲ್ಲ. ಅದನ್ನು ಬರೆಯಲು ಜಾಗ ಇರಲಿಲ್ಲ, ಈಗಲೂ ಇಲ್ಲ.

ಇಷ್ಟೆಲ್ಲ ಹೇಳಿದ್ದು ಪುಟ್ಟಮ್ಮಣ್ಣಿಯ ವಿಷಯಕ್ಕೆ ಬರುವುದಕ್ಕೆ.

ಉಮ್ಮತ್ತೂರಿನ ಮಲ್ಲಪ್ಪನವರ ಮಗಳು ಅವಳು. ಹೊಲ ಗದ್ದೆ ಇದ್ದ ಶಿವಭಕ್ತರ ಮನೆ. ಆದರೂ ಹೆಣ್ಣುಮಗಳನ್ನು ಮೈಸೂರಿನ ಹಾಸ್ಟೆಲ್ಲಿನಲ್ಲಿ ಬಿಟ್ಟು ಓದಿಸಿದ್ದಕ್ಕೆ ನೆಂಟರೆಲ್ಲ ಮೂಗು ಮುರಿದಿದ್ದರು. ಓದಿಸಬೇಕು ಅಂತ ಹಟ ಹಿಡಿದಿದ್ದವಳು ಅವಳ ಅವ್ವ. ಇಂಟರ್ ಪಾಸಾಗಿ ಜೂನಿಯರ್ ಬಿ.ಎ. ಮುಗಿಸಿ ಬೇಸಗೆಗೆ ಊರಿಗೆ ಹೋದಾಗ ಅವ್ವ ತುಂಬಿದ ಬಸುರಿ. ಅಷ್ಟು ವರ್ಷದ ಮೇಲೆ ಮತ್ತೊಂದು ಹೆರಿಗೆ. ಗಂಡು ಮಗು ಹುಟ್ಟಿತು, ತಾಯಿ ಉಳಿಯಲಿಲ್ಲ.

ಜೂನ್ ತಿಂಗಳಲ್ಲಿ ಪುಟ್ಟಮ್ಮಣ್ಣಿ ಕಾಲೇಜಿಗೆ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ನಾನು ಉಮ್ಮತ್ತೂರಿಗೆ ಹೋದೆ. ಮಲ್ಲಪ್ಪ ಜಗುಲಿಯ ಮೇಲಿದ್ದವರು ನನ್ನನ್ನು ನೋಡಿ, "ರಜದಲ್ಲಿ ಅವ್ಳೆ ಸ್ವಾಮಿ" ಅಂದು ಎದ್ದು ಹೊಲದ ಕಡೆ ಹೋದರು. ಪಡಸಾಲೆಯಲ್ಲಿ ಹಸಿರು ಟ್ರಂಕು ಇತ್ತು. ಕೂತು ತಟ್ಟಿದೆ. ತುಂಬಿತ್ತು. ಅಯ್ಯೋ, ಇವಳೂ ಹೋದಳಲ್ಲ ಅನ್ನಿಸಿತು. ಬಹಳ ಚುರುಕಾದ ಹುಡುಗಿ. ಇನ್ನೊಂದೇ ವರ್ಷ ಓದಿದ್ದರೆ ಆ ಊರಿನ ಮೊದಲ ಬಿ.ಎ. ಹೆಣ್ಣುಮಗಳಾಗುತ್ತಿದ್ದಳು.

ಅವಳು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಮಜ್ಜಿಗೆ ತಂದಳು. ನಾನು ಕೂತ ಜಾಗ ನೋಡಿ ನಕ್ಕಳು. ನನ್ನ ಟ್ರಂಕಿನ ವಿದ್ಯೆ ಹಾಸ್ಟೆಲ್ಲಿನಲ್ಲೆಲ್ಲ ಗೊತ್ತಾಗಿಬಿಟ್ಟಿತ್ತು.

"ಎದ್ದು ಮುಚ್ಚಳ ತೆಗ್ದು ನೋಡಿ ಸಾರ್" ಅಂದಳು.

ತೆಗೆದೆ. ರಾಗಿ ಇರಲಿಲ್ಲ. ಒಗೆದು ಮಡಿಸಿದ ಕೂಸಿನ ಬಟ್ಟೆಗಳು, ಹಳೇ ಸೀರೆ ಹರಿದು ಮಾಡಿದ ಚೂರುಗಳು, ಒಂದು ಕುಲಾವಿ. ಒಲೆಯ ಮುಂದಿದ್ದ ಅವಳ ಅಜ್ಜಿ ದೇವೀರಮ್ಮ ಅಲ್ಲಿಂದಲೇ ಕೂಗಿ ಹೇಳಿತು, "ನಾ ರಾಗಿ ಸುರ್ಯಾಕೆ ಓದೆ ಕಣ್ ಮಗಾ. ನನ್ ಮ್ಯಾಲೆ ಉರುದ್ ಬಿದ್ಲು!"

"ರಾಗಿ ಹಾಕಿದ್ರೆ ಯಾವತ್ತೂ ಖಾಲಿ ಆಗಲ್ಲ ಸಾರ್" ಅಂದಳು ಪುಟ್ಟಮ್ಮಣ್ಣಿ. "ಒಂದು ಸುಗ್ಗಿದು ಮುಗಿಯೋದ್ರೊಳಗೆ ಇನ್ನೊಂದು ಸುಗ್ಗಿದು ಬತ್ತದೆ. ಇವನ ಬಟ್ಟೆ ಹಂಗಲ್ಲ. ಈ ಮಾದು ನಡೆದಾಡೋ ಹಂಗಾದ್ರೆ ಇವು ಬೇಕಾಗಲ್ಲ. ಆಗ ನಾನು ಬತ್ತೀನಿ."

ನನ್ನ ನೌಕರಿಯಲ್ಲಿ ಅಷ್ಟು ಸ್ಪಷ್ಟವಾದ ಉತ್ತರ ಯಾರೂ ಕೊಟ್ಟಿರಲಿಲ್ಲ. ಮೈಸೂರಿಗೆ ಬಂದವನು ಅವಳ ಹೆಸರಿನ ಮುಂದೆ "ರಜದಲ್ಲಿದ್ದಾರೆ" ಅಂತ ಬರೆದೆ.

ರಂಗರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನ್ರೀ ಇದು? ನಾಲ್ಕನೇ ಜಾತಿ ಯಾವಾಗ ಹುಟ್ಟಿತು?"

ಹೇಳಿದೆ. ಟ್ರಂಕು, ಕುಲಾವಿ, ಎಲ್ಲವನ್ನೂ ಹೇಳಿದೆ. ಅವರು ಕಿಟಕಿಯ ಆಚೆ ನೋಡುತ್ತ, "ಆ ಹಾಸ್ಟೆಲ್ ಜಾಗಕ್ಕೆ ಎಷ್ಟು ಹೆಣ್ಣುಮಕ್ಕಳು ಕಾಯ್ತಿದ್ದಾರೆ ಗೊತ್ತೇನ್ರೀ ನಿಮಗೆ?" ಅಂದರು. ಆದರೆ ನಾನು ಬರೆದದ್ದನ್ನು ಹೊಡೆದು ಹಾಕಲಿಲ್ಲ. ಜಾಗವನ್ನು ಆ ವರ್ಷದ ಮಟ್ಟಿಗೆ ಇನ್ನೊಬ್ಬಳಿಗೆ ಕೊಟ್ಟು ಇವಳ ಹೆಸರು ಉಳಿಸಿಕೊಂಡರು. ಆಮೇಲೆ ನಾನು ಆ ಕಡೆ ಹೋಗಿ ಬಂದಾಗಲೆಲ್ಲ ಬೇರೆ ಏನೂ ಕೇಳದೆ, "ಕೂಸು ನಡೀತೇನ್ರೀ?" ಅನ್ನುತ್ತಿದ್ದರು.

ಕೂಸು ನಡೆಯಲಿಲ್ಲ. ಇನ್ನೊಂದು ಜೂನ್ ಬಂತು, ಹೋಯಿತು. ಮಾದುವಿನ ಓರಗೆಯ ಕೂಸುಗಳು ಬೀದಿಯಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದವು. ಮಾದು ಮಾತ್ರ ಅಕ್ಕನ ಸೊಂಟ ಬಿಟ್ಟಿಳಿಯಲಿಲ್ಲ. ಅವಳನ್ನು "ಅವ್ವ" ಅಂತ ಕರೆಯತೊಡಗಿದ್ದ. ನಾನು ಹೋದಾಗ ಟ್ರಂಕಿನ ಕಡೆ ಅವಳು ನೋಡುತ್ತಿರಲಿಲ್ಲ.

ಮತ್ತೆ ಮಾಘ ಮಾಸ ಬಂತು. ಕಮಿಟಿಯವರು ಗಟ್ಟಿಯಾಗಿ ಕೇಳಿದರು. ಎರಡು ವರ್ಷ ಯಾರ ಹೆಸರನ್ನೂ ಹೀಗೆ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಇದೇ ತಿಂಗಳು ತೀರ್ಮಾನವಾಗಬೇಕು ಅಂತ. "ನಿಮಗೆ ಆ ಹುಡುಗಿ ಮೇಲೆ ಅಕ್ಕರೆ ಕಣ್ರೀ, ನಿಮ್ಮ ಕಣ್ಣಿಗೆ ನೆಟ್ಟಗೆ ಕಾಣಲ್ಲ. ನಾನೇ ಬರ್ತೀನಿ" ಅಂದರು ರಂಗರಾಯರು. ಅವರು ರುಮಾಲು ಸುತ್ತಿಕೊಂಡು ರೈಲು ಹತ್ತಿದರು. ಅವಳ ಹೆಸರು ಹೊಡೆದು ಹಾಕುವುದಕ್ಕೇ ಹೊರಟಿದ್ದಾರೆ, ಸಂಶಯವೇ ಇಲ್ಲ ಅಂದುಕೊಂಡೆ.

ಚಾಮರಾಜನಗರದಿಂದ ಬಸ್ಸಿನಲ್ಲಿ ಹೋಗಿ ಇಳಿದೆವು. ಮನೆಯ ಅಂಗಳದಲ್ಲಿ ಮಲ್ಲಪ್ಪ ಹಗ್ಗ ಹೊಸೆಯುತ್ತ ಕೂತಿದ್ದರು. ಸುಮ್ಮನೆ ಕೈಮುಗಿದು ಮತ್ತೆ ಹೊಸೆಯತೊಡಗಿದರು. ಈ ಸಲ ರಜ ಅಂತಲೂ ಅನ್ನಲಿಲ್ಲ. ದೇವೀರಮ್ಮ ನೀರು ಕೊಟ್ಟಿತು. ಕೂಸಿನ ಬಟ್ಟೆ ಒಣಗಲಿ ಅಂತಲೋ ಏನೋ, ಟ್ರಂಕನ್ನು ಅಂಗಳದ ಬಿಸಿಲಿಗೆ ಇಟ್ಟಿದ್ದರು. ರಾಯರು ಜಗುಲಿಯ ಮೇಲೆ ಕೂತು ರುಮಾಲು ತೆಗೆದು ಪಕ್ಕದಲ್ಲಿಟ್ಟುಕೊಂಡು, "ಏನಮ್ಮ, ತಮ್ಮ ನಡೀತಾನಾ?" ಅಂದರು.

"ಇನ್ನೂ ಇಲ್ಲ ಸಾರ್. ಕಾಲಿಗೆ ಬಲ ಬಂದಿಲ್ಲ" ಅಂದಳು ಪುಟ್ಟಮ್ಮಣ್ಣಿ. ಕೂಸು ಸೊಂಟದ ಮೇಲಿತ್ತು.

ದೇವೀರಮ್ಮನಿಗೆ ಎಲ್ಲಿತ್ತೋ ಸಿಟ್ಟು. "ಬಲ ಎಲ್ಲಿಂದ ಬಂದದು ಸ್ವಾಮಿ? ನೆಲಕ್ಕೆ ಬುಟ್ರೆ ತಾನೆ ಬಲ ಬರಾದು! ಬೆಳಗಿಂದ ಬೈಗಿನ್ ಗಂಟ ಸೊಂಟದ ಮ್ಯಾಲೆ ಕುಂಡ್ರಿಸ್ಕಂಡಿರ್ತಾಳೆ. ನಾ ಇಳುಸ್ತಿನಿ, ಇವ್ಳು ಎತ್ಕತಾಳೆ. ಏನಮ್ಮೀ, ಸುಳ್ಳಾ? ನಾ ಅಂದದ್ದು ಸುಳ್ಳಾ?"

ಪುಟ್ಟಮ್ಮಣ್ಣಿಯ ಮುಖ ಸಣ್ಣದಾಯಿತು. ಆಮೇಲೆ ಅಳು ಒತ್ತಿಕೊಂಡು ಬಂತು. ಮೈಸೂರಿನ ಮಾತೆಲ್ಲ ಮರೆತು ಊರ ಮಾತಿನಲ್ಲೇ ಅತ್ತಳು.

"ನಾ ಇಳುಸ್ಬುಟ್ಟು ಒಂಟೋದ್ರೆ ಇವನ್ನ ಯಾರು ಎತ್ಕತಾರೆ ಅಜ್ಜಿ? ನಿಂಗೆ ನಡ ಬಗ್ಗಾದಿಲ್ಲ. ಅಪ್ಪ ಇವನ್ನ ಒಂದ್ ದಿನ ಮುಟ್ಟವ್ರಾ? ಅವ್ವ ಸತ್ತ ದಿನದಿಂದ ಇವನ ಮಕ ನೋಡಿಲ್ಲ. ಇವ್ನೇನ್ ಮಾಡ್ದ? ಇವ್ನ್ ಏನ್ ತಪ್ಪು ಮಾಡ್ದ ಅಂತ?"

ಮಲ್ಲಪ್ಪನ ಕೈಯಲ್ಲಿ ಹಗ್ಗ ನಿಂತಿತು. ತಲೆ ಎತ್ತಲಿಲ್ಲ. ನಾನು ಇಷ್ಟು ಸಲ ಆ ಮನೆಗೆ ಹೋಗಿ ಟ್ರಂಕು ತಟ್ಟಿದ್ದೆ, ಆ ಮನುಷ್ಯ ನಾನು ಹೋದಾಗಲೆಲ್ಲ ಹೊಲದ ಕಡೆ ಯಾಕೆ ಎದ್ದು ಹೋಗುತ್ತಾರೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಆತನಿಗೆ ಆ ಕೂಸಿನ ಅಳು ಕೇಳಿದರೆ ಹೆಂಡತಿಯ ಕೊನೆಯ ಕೂಗು ಕೇಳಿಸುತ್ತಿತ್ತೋ ಏನೋ.

ರಂಗರಾಯರು ಜಗುಲಿಯಿಂದ ಇಳಿದರು. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಪಂಚೆ ಎತ್ತಿ ಕಟ್ಟಿ ಪುಟ್ಟಮ್ಮಣ್ಣಿಯ ಮುಂದೆ ನಿಂತು, "ಕೊಡಮ್ಮ ಇಲ್ಲಿ" ಅಂದರು. "ನನ್ನ ಮೂರು ಹೆಣ್ಣುಮಕ್ಕಳಿಗೂ ನಡೆಯೋದು ಕಲಿಸಿದ್ದು ನಾನೇ. ಅವರಿಗೂ ತಾಯಿ ಇರಲಿಲ್ಲ."

ಅಷ್ಟು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ್ದೆ. ಈ ಸಂಗತಿ ನನಗೆ ಗೊತ್ತಿರಲಿಲ್ಲ.

ಕೂಸನ್ನು ಇಳಿಸಿ ಟ್ರಂಕಿನ ಅಂಚು ಹಿಡಿಸಿ ನಿಲ್ಲಿಸಿದರು. ಅದು ಲಬೋ ಅಂತ ಕಿರುಚಿತು. ಪುಟ್ಟಮ್ಮಣ್ಣಿ ಒಂದು ಹೆಜ್ಜೆ ಮುಂದೆ ಬಂದಳು, ಅಜ್ಜಿ ಅವಳ ಸೆರಗು ಹಿಡಿದೆಳೆಯಿತು. ರಾಯರು ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, "ಬಾರೋ ರಾಜ, ಬಾರೋ ಬಂಗಾರ" ಅಂತ ಚಪ್ಪಾಳೆ ತಟ್ಟಿದರು. ನಮ್ಮ ಕಚೇರಿಯವರು ಯಾರಾದರೂ ನೋಡಿದ್ದರೆ ಕಣ್ಣನ್ನೇ ನಂಬುತ್ತಿರಲಿಲ್ಲ. ಮಾದುವಿಗೆ ಮಾತ್ರ ಈ ರಾಯರು ರುಚಿಸಲಿಲ್ಲ. ಅಳು ನಿಲ್ಲಿಸಿ ಆ ಕಡೆ ಈ ಕಡೆ ನೋಡಿದ. ನೆಲದ ಮೇಲೆ ಹಾವಿನ ಹಾಗೆ ಬಿದ್ದಿದ್ದ ಹೊಸ ಹಗ್ಗ ಕಣ್ಣಿಗೆ ಬಿತ್ತು. ಮಲ್ಲಪ್ಪ ಮತ್ತೆ ಹೊಸೆಯತೊಡಗಿದ್ದರು, ಹಗ್ಗದ ತುದಿ ಅಲುಗುತ್ತಿತ್ತು. ಟ್ರಂಕು ಬಿಟ್ಟ. ಒಂದು ಹೆಜ್ಜೆ ಇಟ್ಟು ತೂರಾಡಿದ. ಇನ್ನೊಂದು ಇಟ್ಟ. ಹಗ್ಗವನ್ನೇ ನೋಡುತ್ತ ಅದರ ಜಾಡಿನಲ್ಲೇ ನಡೆದು ಹೋಗಿ ಅಪ್ಪನ ಮೊಣಕಾಲಿನ ಮೇಲೆ ದೊಪ್ಪನೆ ಬಿದ್ದ.

ಮಲ್ಲಪ್ಪ ಹಗ್ಗ ಕೆಳಗೆ ಹಾಕಿದರು. ಎರಡೂ ಕೈಯಲ್ಲಿ ಕೂಸನ್ನು ಎತ್ತಿದರು. ಎತ್ತಿ ಹಾಗೇ ಮುಖದ ಮುಂದೆ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟು ತೂಕ ಆಗವ್ನಾ ಇವ್ನು!" ಅಂದರು.

ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋಯಿತು. ಪುಟ್ಟಮ್ಮಣ್ಣಿ ಅಲ್ಲೇ ಟ್ರಂಕಿನ ಮೇಲೆ ಕೂತುಬಿಟ್ಟಳು. ನನ್ನ ಕಣ್ಣಲ್ಲೂ ನೀರು ಬಂತು, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ರಾಯರು ಮಾತ್ರ ಪಂಚೆ ಕೊಡವಿ, ಕೋಟು ಹಾಕಿಕೊಂಡು, "ನಡೀರಿ ಶ್ರೀಕಂಠಯ್ಯ, ಬಸ್ ಹೋಗಿಬಿಡುತ್ತೆ" ಅಂದರು. ರೈಲಿನಲ್ಲಿ ನಂಜನಗೂಡು ದಾಟಿದ ಮೇಲೆ, "ರಜ ಅಂತಲೇ ಬರೀರಿ. ಜೂನ್‌ಗೆ ಮುಗಿಯುತ್ತೆ. ಕಮಿಟಿಗೆ ನಾನು ಹೇಳ್ಕೋತೀನಿ" ಅಂದರು.

ಜೂನಿನಲ್ಲಿ ಅವಳು ಬಂದಳು. ರೈಲ್ವೆ ಸ್ಟೇಷನ್ನಿಗೆ ಬಿಡಲು ಮಲ್ಲಪ್ಪ ಬಂದಿದ್ದರಂತೆ, ಮಾದು ಅವರ ಹೆಗಲ ಮೇಲಿದ್ದನಂತೆ. ರೈಲು ಹೊರಟಾಗ ಅವನು ಅಳಲೇ ಇಲ್ಲ, ಅದಕ್ಕೆ ನಾನೇ ಅತ್ತೆ ಅಂತ ಅವಳು ಆಮೇಲೆ ಹೇಳಿದಳು. ನನ್ನನ್ನು ಅಷ್ಟು ಬೇಗ ಮರೆತನಲ್ಲ ಸಾರ್ ಅಂತ ದೂರು ಬೇರೆ.

ಮುಂದಿನ ವರ್ಷ ಬಿ.ಎ. ಪಾಸಾಯಿತು. "ಮುಗಿಸಿದವರು" ಅಂತ ಬರೆಯುವುದಕ್ಕೆ ಉಮ್ಮತ್ತೂರಿಗೆ ಹೋಗಬೇಕಾಗಿರಲಿಲ್ಲ, ಕಾಲೇಜಿನಿಂದಲೇ ತಿಳಿದಿತ್ತು. ಆದರೂ ಹೋದೆ. ರಂಗರಾಯರು ಕಲ್ಲುಸಕ್ಕರೆಯ ಪೊಟ್ಟಣ ಕೊಟ್ಟು, "ಹುಡುಗಿಗಲ್ಲ, ಆ ಕೂಸಿಗೆ" ಅಂದಿದ್ದರು.

ಟ್ರಂಕು ಊರಿಗೆ ವಾಪಸು ಬಂದು ಪಡಸಾಲೆಯಲ್ಲಿ ಕೂತಿತ್ತು. ಅಭ್ಯಾಸಬಲದಿಂದ ಕೂತು ತಟ್ಟಿದೆ. ಖಾಲಿ. ದೇವೀರಮ್ಮ ಒಳಗಿನಿಂದ ಮೊರದ ತುಂಬ ರಾಗಿ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತಿತು. ಇಷ್ಟು ವರ್ಷ ಕಾದಿದ್ದ ಮುದುಕಿ.

"ಈಗ್ಲಾರಾ ಸುರೀಬೋದಾ ಮಗಾ? ಎಲ್ಲಾ ಮುಗೀತು ತಾನೆ?"

"ಸುರೀರಿ ಅಜ್ಜಿ, ಧಾರಾಳವಾಗಿ ಸುರೀರಿ" ಅಂದು ಎದ್ದು ಮುಚ್ಚಳ ತೆಗೆದೆ.

ಅಂಗಳದಲ್ಲಿ ಮಾದುವಿನ ಕೈಹಿಡಿದು ನಿಂತಿದ್ದ ಮಲ್ಲಪ್ಪ ಒಳಗೆ ಬಂದು ಮುಚ್ಚಳ ಮುಚ್ಚಿದರು.

"ಬ್ಯಾಡ ಕಣವ್ವ. ಖಾಲಿ ಇರ್ಲಿ ಬುಡು. ಇವ್ನಿಗೆ ಬೇಕಾಯ್ತದೆ."

"ಅಂಗಾದ್ರೆ ಈ ರಾಗಿಯ ಎಲ್ಲಿಗ್ಲಾ ಸುರೀಲಿ? ನಿನ್ ತಲೆ ಮ್ಯಾಕಾ?" ಅಂತ ಅಜ್ಜಿ ಮೊರ ಹಿಡಿದುಕೊಂಡೇ ಮಗನನ್ನು ಬೈಯುತ್ತ ಒಳಗೆ ಹೋಯಿತು. ಪುಟ್ಟಮ್ಮಣ್ಣಿ ನಗುತ್ತಿದ್ದಳು. ಮಾದು ನನ್ನ ಕ್ಯಾರಿಯರಿನಲ್ಲಿದ್ದ ಕಲ್ಲುಸಕ್ಕರೆ ಪೊಟ್ಟಣ ಹುಡುಕಿಕೊಂಡು ಆಗಲೇ ಸೈಕಲ್ಲಿನ ಕಡೆಗೆ ನಡೆದಿದ್ದ.